ದಾದಾಸಾಬ ಮಾಸ್ತರರು ಊರಿಗೆ ಬಂದ ರೀತಿ

ನಮ್ಮ ಟಿಕೋಟಾದಲ್ಲಿ ಆಗ ಊರಿಗೆ ಬರುವವರು ಎರಡು ಥರ ಬರುತ್ತಿದ್ದರು. ಬಸ್ಸಿನಿಂದ ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು, ಸೀದಾ ಮನೆಗೆ ನಡೆಯುವವರು ಒಂದು ಥರ. ಊರ ಹೊರಗೇ ನಿಂತು, ಒಳಗಿನಿಂದ ಬಾಜಾ ಬರುವ ತನಕ ಕಾಯ್ದು, ಮಾಲೆ ಹಾಕಿಸಿಕೊಂಡು ಬರುವವರು ಇನ್ನೊಂದು ಥರ. ಹಜ್ ಮಾಡಿದವರು, ಕಾಶಿಗೆ ಹೋದವರು, ಚುನಾವಣೆ ಗೆದ್ದವರು, ಕುಸ್ತಿ ಗೆದ್ದವರು ಈ ಎರಡನೆಯ ಸಾಲಿಗೆ ಸೇರಿದವರು. ಒಮ್ಮೆ ಒಬ್ಬ ಹಿರಿಯರು ಕಾಶಿಯಿಂದ ಬಂದಾಗ ಬಾಜಾದವರು ಬೇರೆ ಊರಿಗೆ ಹೋಗಿದ್ದರು. ಹಿರಿಯರು ಮರುದಿನದ ತನಕ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಅಲ್ಲಿಂದ ಅವರ ಮನೆ ಕಾಣುತ್ತಿತ್ತು. ಹೆಂಡತಿ ಬುತ್ತಿ ಕಳಿಸಿದ್ದರು.

ಬಾಜಾ ಅಂದರೆ ದಾದಾಸಾಬ ಮಾಸ್ತರರು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಭುಜದ ಮೇಲೆ ಜರಿಯ ಕುಚ್ಚು, ಕೈಯಲ್ಲಿ ಕ್ಲಾರನೆಟ್. ಹಿಂದೆ ಡೋಲು, ತಾಶಾ, ಎರಡು ತುತ್ತೂರಿ, ಮತ್ತು ಊದುವವನನ್ನೇ ಸುತ್ತಿಕೊಂಡಂತಿದ್ದ ಒಂದು ದೊಡ್ಡ ಹಿತ್ತಾಳೆಯ ವಾದ್ಯ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಬ್ಬಾವು ಎನ್ನುತ್ತಿದ್ದರು. ಟಿಕೋಟಾ, ಬಬಲೇಶ್ವರ, ಘೋಣಸಗಿ, ಅರಕೇರಿ, ಎಲ್ಲಿ ಯಾರನ್ನು ಊರೊಳಗೆ ಕರೆತರಬೇಕಾದರೂ ಮಾಸ್ತರರೇ ಬೇಕು. ಈ ಕೆಲಸದ ಬಗ್ಗೆ ಅವರ ಅಭಿಪ್ರಾಯ ಸಣ್ಣದಾಗಿರಲಿಲ್ಲ.

"ನಾ ಊದೂತನಕ ಅಂವ ಬರೇ ಕುದುರಿ ಮ್ಯಾಲೆ ಕುಂತ ಹುಡುಗ," ಎನ್ನುತ್ತಿದ್ದರು. "ನಾ ಊದಿದ ಮ್ಯಾಲೆ ಮದಿಮಗ."

ಮದುಮಗನ ತಂದೆ ಎದುರಿಗಿದ್ದಾಗಲೂ ಅವರು ಹೀಗೆಯೇ ಹೇಳುತ್ತಿದ್ದರು.

ಇಷ್ಟಿದ್ದರೂ ಮಾಸ್ತರರಿಗೆ ಒಳಗೊಂದು ಕೊರಗು. ಅಷ್ಟು ಜನರನ್ನು ಊರೊಳಗೆ ಕರೆತಂದ ಅವರನ್ನು ಯಾರೂ, ಒಮ್ಮೆಯೂ, ಬಾಜಾ ಬಾರಿಸಿ ಕರೆತಂದಿರಲಿಲ್ಲ. ಹಜ್ಜಿಗೆ ಹೋಗುವಷ್ಟು ಅನುಕೂಲ ಇರಲಿಲ್ಲ. ಚುನಾವಣೆಗೆ ನಿಲ್ಲುವಷ್ಟು ವೈರಿಗಳಿರಲಿಲ್ಲ. ಕುಸ್ತಿಯ ವಯಸ್ಸು ದಾಟಿತ್ತು. ಅಜ್ಮೇರಕ್ಕೆ ಹೋಗಿಬರಬಹುದಿತ್ತು, ಆದರೆ ಉರುಸಿನ ಕಾಲಕ್ಕೆ ರೈಲಿನಲ್ಲಿ ನಮ್ಮೂರಿನವರೇ ಒಂದು ಡಬ್ಬಿ ತುಂಬ ಹೋಗಿಬರುತ್ತಿದ್ದರು. ಆ ಗುಂಪಿನಲ್ಲಿ ಇವರೊಬ್ಬರಿಗೇ ಯಾರು ಬಾರಿಸುತ್ತಾರೆ? ಬಹಳ ಯೋಚನೆ ಮಾಡಿ ಮಾಸ್ತರರು ಒಂದು ದಾರಿ ಕಂಡುಹಿಡಿದರು. ಉರುಸಿಲ್ಲದ ಕಾಲದಲ್ಲಿ, ಒಬ್ಬರೇ, ಫಟಫಟಿಯ ಮೇಲೆ ಅಜ್ಮೇರಕ್ಕೆ ಹೋಗಿಬರುವುದು.

ಎಪ್ಪತ್ತೆಂಟನೆಯ ಇಸವಿ. ವಿಜಾಪುರದ ವಕೀಲರೊಬ್ಬರು ಮಾರಲಿಟ್ಟಿದ್ದ ಹಳೆಯ ಮೋಟರ್‌ಸೈಕಲ್ಲನ್ನು ಮಾಸ್ತರರು ಕೊಂಡು ತಂದರು. ಅದನ್ನು ಎಡಕ್ಕೆ ಹೊರಳಿಸುವುದು ಬೇಗ ಕೈವಶವಾಯಿತು. ಬಲಕ್ಕೆ ಹೊರಳಿಸುವುದನ್ನು ದಾರಿಯಲ್ಲಿ ಕಲಿತರಾಯಿತೆಂದು ನಿರ್ಧರಿಸಿದರು.

"ರೈಲಿನ್ಯಾಗ ಹೋದ್ರ ಖ್ವಾಜಾ ಸಾಹೇಬ್ರು ಬಾಗಲಾ ತೆಗ್ಯಾಂಗಿಲ್ಲೇನ್ರಿ?" ಎಂದು ಹೆಂಡತಿ ಗುಲಶನ ಕೇಳಿದರು.

"ತೆಗೀತಾರ. ಆದ್ರ ಊರಾಗ ಬಾಜಾ ಬರಂಗಿಲ್ಲ."

ಹೊರಡುವ ಮೊದಲು ಪೂರ್ತಿ ಒಂದು ತಿಂಗಳು ಮಾಸ್ತರರು ತಮ್ಮ ಸ್ವಾಗತದ ತಾಲೀಮು ಮಾಡಿಸಿದರು. ಅಕ್ಕನ ಮಗ ಬಾಬುಸಾಬ ಅವರ ಕೈಕೆಳಗೆ ಪಳಗಿದವನು. ಇವರಿಲ್ಲದಾಗ ಕ್ಲಾರನೆಟ್ ಹಿಡಿಯುವವನು ಅವನೇ. ಅವನಿಗೆಂದು ಮಾಸ್ತರರು ಹೊಸದೊಂದು ಧಾಟಿ ಕಟ್ಟಿದರು. ವಿಜಾಪುರದ ರಸ್ತೆಯ ದೊಡ್ಡ ಬೇವಿನ ಮರದಿಂದ ಶುರು. ಚಾವಡಿಯ ಮುಂದೆ ನಿಲುಗಡೆ. ಮಸೀದಿಯ ಮುಂದೆ ಮೌನ. ಬಸವಣ್ಣನ ಗುಡಿಯ ಹತ್ತಿರ ಮತ್ತೆ ಏರು. ಫಟಫಟಿ ಎಷ್ಟು ನಿಧಾನ ಬರಬೇಕೆಂದು ತಾವೇ ನಡೆದು ತೋರಿಸಿದರು. ಸ್ವಾಗತ ಸಮಿತಿಗೆ ಸೊಸಾಯಿಟಿಯ ಚೇರಮನ್ ಬಸಲಿಂಗಯ್ಯನವರು ಅಧ್ಯಕ್ಷರಾದರು. ಅವರು ಊರಿನ ಎಲ್ಲ ಸಮಿತಿಗಳಿಗೂ ಅಧ್ಯಕ್ಷರಾದ್ದರಿಂದ ಯಾರೂ ಕೇಳಬೇಕಾಗಿ ಬರಲಿಲ್ಲ.

ಆಮೇಲೆ ಮಾಸ್ತರರು ಹೋದರು. ಹೋಗುವಾಗಿನ ಕಥೆ, ಅಜ್ಮೇರದ ಕಥೆ, ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದ ಕಥೆ, ಯಾವುದನ್ನು ಕೇಳಿದರೂ ಅವರು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ಅವರ ತಲೆಯಲ್ಲಿ ದಾರಿಯುದ್ದಕ್ಕೂ ಇದ್ದದ್ದು ಬೇವಿನ ಮರ. ಅಹಮದನಗರ ದಾಟುವಾಗ ಒಂದು ಕಾರ್ಡು ಹಾಕಿದರು: ಬರುವ ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ, ಬೇವಿನ ಮರದ ಹತ್ತಿರ.

ಆ ಶುಕ್ರವಾರ ಮುಂಜಾನೆಯೇ ಅವರು ವಿಜಾಪುರಕ್ಕೆ ಬಂದು ಮುಟ್ಟಿದರು. ಇಬ್ರಾಹಿಂ ರೋಜಾದ ಈಚೆಗೆ, ತೊರವಿಯ ಕಡೆ ಹೋಗುವ ರಸ್ತೆಯಲ್ಲಿ, ಒಂದು ಚಹಾದಂಗಡಿಯ ಮುಂದೆ ಫಟಫಟಿ ನಿಲ್ಲಿಸಿದರು. ಊರಿಗೆ ಇನ್ನೊಂದು ತಾಸಿನ ಹಾದಿಯೂ ಇರಲಿಲ್ಲ. ಅಂಗಡಿಯವನು ಮರ್ಯಾದೆಗೆಂದು ಅರಿವೆ ತಂದು ಫಟಫಟಿ ಒರೆಸಲು ಹೋದ.

"ಮುಟ್ಟಬ್ಯಾಡ," ಅಂದರು ಮಾಸ್ತರರು. "ಅದು ರಾಜಸ್ಥಾನದ ಧೂಳು."

"ಮ್ಯಾಲಿಂದ ನಮ್ಮ ರಸ್ತೇದ ಐತ್ರಿ."

"ಒಳಗ ರಾಜಸ್ಥಾನದ್ದು ಐತಿ."

ಹೀಗೆ ಧೂಳನ್ನು ಉಳಿಸಿಕೊಂಡು ಚಹಾ ಕುಡಿಯುತ್ತಿರುವಾಗ ಒಳಗಿನ ಬೆಂಚಿನ ಮೇಲೆ ಮಲ್ಲಿಕಸಾಬ ಕಂಡ. ಮಲ್ಲಿಕಸಾಬ ಅವರದೇ ಬ್ಯಾಂಡಿನ ಡೋಲಿನವನು. ಇವರನ್ನು ಕಂಡು ಅವನು ಚಹಾದ ಕಪ್ಪು-ಬಸಿಯನ್ನು ಕೆಳಗಿಟ್ಟ.

"ಯಾಕಲೇ ಮಲ್ಲಿಕಾ, ಇವತ್ತ ನೀ ಇಲ್ಯಾಕ?"

"ಡೋಲಿನ ತೊಗಲ ಹರದೈತ್ರಿ ಮಾಸ್ತರ. ಹೊಸಾದ ಹಾಕಿಸ್ಕೊಂಡ ಹೋಗಾಕ ಬಂದೇನಿ."

"ಬಾಬು ತಯಾರ ಆಗ್ಯಾನೇನು?"

"ಆಗ್ಯಾನ್ರಿ. ಎಲ್ಲಾರೂ ಕೆಂಪ ಕೋಟ ಹಾಕ್ಕೊಂಡ ನಸಿಕಿನ್ಯಾಗ ಲಾರಿ ಹತ್ಯಾರ."

"ಲಾರಿ ಯಾಕಲೇ? ಬೇವಿನ ಗಿಡಾ ಊರ ಮಗ್ಗಲಕ ಐತಿ."

"ಬಬಲೇಶ್ವರಕ ಹೋದ್ರರಿ. ಅಲ್ಲಿ ಮುರಿಗೆವ್ವನ ಮಗನ ಮದಿವಿ. ಮೊದಲ ಇಸಾರ ಹಿಡದಿದ್ರು. ನಿಮ್ಮ ಕಾರ್ಡ ಆಮ್ಯಾಲೆ ಬಂತು."

ಇಸಾರ ಅಂದರೆ ಮುಂಗಡ. ಒಮ್ಮೆ ಇಸಾರ ಹಿಡಿದ ಮೇಲೆ ಆಕಾಶ ಕಳಚಿ ಬಿದ್ದರೂ ಆ ಕೆಲಸ ಬಿಡಬಾರದೆಂಬುದು ಬ್ಯಾಂಡಿನ ಕಾನೂನು. ಮಾಡಿದವರು ಮಾಸ್ತರರೇ. ಅದನ್ನು ಅವರು ತಮ್ಮ ಮದುವೆಯಲ್ಲೂ ಪಾಲಿಸಿದವರು. ಆ ದಿನ ಘೋಣಸಗಿಯಲ್ಲಿ ಬೇರೆಯವರ ಮದುವೆಗೆ ಊದಿ, ಸಂಜೆ ಸೈಕಲ್ ಹೊಡೆದುಕೊಂಡು ಬಂದು ತಮ್ಮ ನಿಕಾಹಕ್ಕೆ ಕೂತಿದ್ದರು.

"ಮತ್ತ ಊರಾಗ ಯಾರ ಉಳದಾರ?"

"ಬಸಲಿಂಗಯ್ಯಾರ ಅದಾರ, ಮಾಲಿ ತರಿಸ್ಯಾರ. ನಾ ಬಸ್ಸಿಗೆ ಹೋಗಿ ಮುಟ್ಟತೇನಿ. ಕ್ಲಾರನೆಟ್ಟಿಗೆ ಗುಡುಸಾಬ ಚಾಚಾ ಅದಾನ."

ಗುಡುಸಾಬ ಮಾಸ್ತರರ ತಂದೆಯ ಕಾಲದಲ್ಲಿ ಊದಿದವನು.

"ಗುಡುಸಾಬನ ಬಾಯಾಗ ಹಲ್ಲ ಎಲ್ಲಿ ಅದಾವಲೇ?"

"ಎರಡ ಅದಾವ್ರಿ," ಅಂದ ಮಲ್ಲಿಕಸಾಬ. "ಆದ್ರ ಹಿಂದ ಅದಾವು."

ಮಾಸ್ತರರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ತೊರವಿಯ ದಾರಿ ಅವರ ಎದುರಿಗೇ ಇತ್ತು. ಆ ದಾರಿ ಹಿಡಿದಿದ್ದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಅವರು ಫಟಫಟಿಯನ್ನು ತಿರುಗಿಸಿ ಬಬಲೇಶ್ವರಕ್ಕೆ ಹೊರಟರು.

ಬಬಲೇಶ್ವರದ ಮದುವೆಯ ಮೆರವಣಿಗೆ ಅರ್ಧ ಓಣಿ ದಾಟಿತ್ತು. ಫಟಫಟಿ ನಿಲ್ಲಿಸುವ ಮೊದಲೇ ಮಾಸ್ತರರಿಗೆ ಧಾಟಿ ಕೇಳಿಸಿತು. ಅದು ಅವರದೇ. ತಿಂಗಳಿಡೀ ತಿದ್ದಿ, ತಮಗಾಗಿ ಕಟ್ಟಿದ ಧಾಟಿಯಲ್ಲಿ ಯಾರದೋ ಮಗ ಕುದುರೆಯ ಮೇಲೆ ಬರುತ್ತಿದ್ದ. ಬಾಬುಸಾಬ ಮಾವನನ್ನು ಕಂಡು ಕ್ಲಾರನೆಟ್ಟನ್ನು ಬಾಯಿಂದ ತೆಗೆದ. ಮೆರವಣಿಗೆ ನಿಂತಿತು.

"ಇದನ್ನ ಯಾಕ ಬಾರಿಸಾಕತ್ತೀಯಲೇ?"

"ಒಂದ ತಿಂಗಳ ತಾಲೀಮ ಆಗಿದ್ದು ಇದೊಂದ ಐತ್ರಿ ಮಾಮಾ."

ಅಷ್ಟರಲ್ಲಿ ಮದುಮಗನ ತಾಯಿ ಮುರಿಗೆವ್ವ ಹಸಿರು ಇಳಕಲ್ ಸೀರೆಯ ಸೆರಗು ಸಿಗಿಸಿಕೊಂಡು ಮುಂದೆ ಬಂದರು. "ಯಾರಪಾ ನೀ, ಧೂಳಾಗ ಉಳ್ಳಾಡಿ ಬಂದಾಂವ? ಬಾಜಾ ಯಾಕ ನಿಲ್ಲಿಸಿದಿ?"

"ನಾ ಟಿಕೋಟಾದ ದಾದಾಸಾಬ, ಬ್ಯಾಂಡ್ ಮಾಸ್ತರ. ಫಟಫಟಿ ಮ್ಯಾಲೆ ಅಜ್ಮೇರಕ್ಕ ಹೋಗಿ ಬಂದೇನಿ, ಅವ್ವಾ."

"ಛಲೋ ಆತು. ಮನಿಗಿ ಹೋಗು."

"ಬಾಜಾ ಇಲ್ಲದ ಹೆಂಗ ಹೋಗ್ಲಿ?"

ಮುರಿಗೆವ್ವ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಮನಿಗಿ ನೀ ಹೋಗಾಕ ಬಾಜಾ ಯಾಕ ಬೇಕೋ ಯಪ್ಪಾ? ಬಾಗಲಾ ಗುರ್ತ ಇಲ್ಲೇನು?"

ಕುದುರೆಯ ಮೇಲಿದ್ದ ಮದುಮಗನೂ ನಕ್ಕ. ಮಾಸ್ತರರು ಬಾಬುಸಾಬನ ಕಡೆ ನೋಡಿದರು. ಬಾಬುಸಾಬ ಕೆಳಗೆ ನೋಡಿದ.

"ನೀವ ಹೇಳ್ರಿ ಮಾಮಾ. ಇಸಾರ ಮುರದ ಬಾ ಅಂದ್ರ ಈಗ ಬರತೇವಿ."

ತಾವೇ ಮಾಡಿದ ಕಾನೂನನ್ನು ಹತ್ತು ಜನರ ಎದುರು ಮುರಿಯುವುದು ಮಾಸ್ತರರಿಂದ ಆಗಲಿಲ್ಲ.

"ನಾಳೆ ಮುಂಜಾನಿ ಬಿಡ್ತೇನಿ," ಅಂದರು ಮುರಿಗೆವ್ವ, ಸ್ವಲ್ಪ ಮೆತ್ತಗಾಗಿ. "ಅಲ್ಲೀತನಕ ಹೋಳಿಗಿ ಉಂಡು ಇಲ್ಲೇ ಬಿದ್ಕೋ."

ನಾಳೆಯ ತನಕ ಬಸಲಿಂಗಯ್ಯನವರು ಮಾಲೆ ಹಿಡಿದು ನಿಲ್ಲುವುದು ಸಾಧ್ಯವಿರಲಿಲ್ಲ. ಮಾಸ್ತರರು ಹೋಳಿಗೆ ಉಂಡರು, ಅಲ್ಲಿನ ಮಸೀದಿಯಲ್ಲಿ ಜುಮ್ಮಾ ಮುಗಿಸಿದರು, ಅಡ್ಡರಸ್ತೆಯಿಂದ ಟಿಕೋಟಾಕ್ಕೆ ಹೊರಟರು. ಎರಡು ಹಲ್ಲಿನ ಗುಡುಸಾಬನೇ ಇರಲಿ. ಇವತ್ತು ಊರು ತನ್ನನ್ನು ಕರೆದುಕೊಳ್ಳಬೇಕು. ಇಷ್ಟೇ ಅವರ ಹಟ.

ಊರು ಕಂಡಾಗ ಒಂದು ತೊಡಕು ಎದ್ದಿತು. ಬಬಲೇಶ್ವರದ ಕಡೆಯಿಂದ ಬಂದದ್ದರಿಂದ ಅವರು ಊರಿನ ತಪ್ಪು ಮಗ್ಗುಲಿಗೆ ಬಂದಿದ್ದರು. ಸ್ವಾಗತ ಇದ್ದದ್ದು ಆ ಕಡೆ. ಈ ಕಡೆ ಇದ್ದದ್ದು ಅವರ ಮನೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದ ಗುಲಶನ ಸದ್ದು ಕೇಳಿ ತಲೆ ಎತ್ತಿದರು. ಮಾಸ್ತರರು ತುಟಿಯ ಮೇಲೆ ಬೆರಳಿಟ್ಟರು. ಎಂಜಿನ್ ಬಂದ್ ಮಾಡಿ ಫಟಫಟಿಯನ್ನು ಜೋಳದ ಹೊಲದ ಬದುವಿಗೆ ಇಳಿಸಿ ದೂಡತೊಡಗಿದರು.

"ಯಾರ್ರಿ ಅದು?" ಎಂದು ಪಕ್ಕದ ಮಾಳಿಗೆಯಿಂದ ಪೀರಾಂಬಿ ಕೇಳಿದರು.

"ನಮ್ಮನಿಯವರು," ಅಂದರು ಗುಲಶನ. "ಬಂದ್ರು. ಈಗ ಬರಾಕ ಹೋದ್ರು."

ಊರನ್ನು ಅರ್ಧ ಸುತ್ತು ಹಾಕಿ, ಒಂದು ಹಳ್ಳ ದಾಟಿ, ಮಾಸ್ತರರು ವಿಜಾಪುರದ ರಸ್ತೆಗೆ ಹತ್ತಿದರು. ಅಜ್ಮೇರದ ತನಕ ಒಮ್ಮೆಯೂ ದೂಡದ ಫಟಫಟಿಯನ್ನು ಸ್ವಂತ ಊರಿನ ಸುತ್ತ ದೂಡಿ ಬೆವರು ಹರಿದಿತ್ತು. ರಾಜಸ್ಥಾನದ ಧೂಳು ಕೆಸರಾಗಿತ್ತು. ಕೋಟು ಜಗ್ಗಿ ಸರಿ ಮಾಡಿಕೊಂಡು, ಎಂಜಿನ್ ಶುರು ಮಾಡಿ, ದೂರದಿಂದ ಬರುವವರ ಮುಖ ಹಾಕಿಕೊಂಡು ಅವರು ಬೇವಿನ ಮರದ ಕಡೆ ಬಂದರು.

ನಾವೆಲ್ಲ ನಮಾಜು ಮುಗಿದಾಗಿನಿಂದ ಅಲ್ಲೇ ಇದ್ದೆವು. ಮಾಲೆಗಳು ಸ್ವಲ್ಪ ಬಾಡಿದ್ದವು. ಬಸಲಿಂಗಯ್ಯನವರು ಹೊಸ ಧೋತರ ಉಟ್ಟು, ಭಾಷಣವನ್ನು ಎರಡು ಸಲ ನಮ್ಮ ಮೇಲೆಯೇ ಮಾಡಿ ನೋಡಿದ್ದರು. ಮೂರನೆಯ ಸಲ ಮಾಸ್ತರರ ಎದುರು ಮಾಡಿದರು. ಅದರಲ್ಲಿ ಸೊಸಾಯಿಟಿಯ ಹೊಸ ಗೋದಾಮು ಮೊದಲು ಬಂತು, ಗೊಬ್ಬರ ಆಮೇಲೆ ಬಂತು, ಕೊನೆಗೆ, "ಇಂಥ ಸಾಹಸಿಗಳು ನಮ್ಮ ಅವಧಿಯಲ್ಲಿ ಆಗಿಹೋದದ್ದು ನಮ್ಮ ಭಾಗ್ಯ" ಎಂದು ಮುಗಿಯಿತು. ಬದುಕಿರುವ ಮಾಸ್ತರರು ಕೈ ಮುಗಿದರು. ಕೊರಳಿಗೆ ಮಾಲೆ ಬಿತ್ತು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಧೂಳಿನದೆಂದು ಅವರು ಹೇಳಲಿಲ್ಲ.

"ಹೂಂ, ಹಚ್ಚು," ಎಂದು ಬಸಲಿಂಗಯ್ಯನವರು ಗುಡುಸಾಬನಿಗೆ ಸನ್ನೆ ಮಾಡಿದರು.

ಗುಡುಸಾಬ ಊದಿದ. ಕೋಳಿಯನ್ನು ಯಾರೋ ಮೆತ್ತಗೆ ತುಳಿದಂಥ ಒಂದು ಸದ್ದು ಹೊರಟಿತು. ಎರಡನೆಯ ಸಲ ಗಾಳಿ ಮಾತ್ರ ಬಂತು. ಮೂರನೆಯ ಸಲ ಧಾಟಿಯ ತಲೆ ಕಂಡಿತು. ಮಲ್ಲಿಕಸಾಬನ ಡೋಲಿನ ಹೊಸ ತೊಗಲು ಬಿಗಿಯಾಗಿ, ತಗಡಿನ ಡಬ್ಬಿಯಂತೆ ಬಡಿಯುತ್ತಿತ್ತು. ಮೆರವಣಿಗೆ ಹೊರಟಿತು. ಗುಡುಸಾಬ ಉಸಿರಿಗಾಗಿ ನಿಂತಾಗ ಡೋಲು ನಿಲ್ಲುತ್ತಿತ್ತು, ಡೋಲು ನಿಂತಾಗ ಜನ ನಿಲ್ಲುತ್ತಿದ್ದರು, ಜನ ನಿಂತಾಗ ಮಾಸ್ತರರು ಬ್ರೇಕು ಒತ್ತುತ್ತಿದ್ದರು.

ಅವರು ಮಾಡಬೇಕಾದದ್ದು ಒಂದೇ ಕೆಲಸ. ಸುಮ್ಮನೆ ಕೂತಿರುವುದು. ಅವರು ಕರೆತಂದ ಮದುಮಕ್ಕಳೆಲ್ಲ ಅದನ್ನು ಮಾಡಿದ್ದರು. ಏನೂ ತಿಳಿಯದವರೂ ಮಾಡಿದ್ದರು. ಮಾಸ್ತರರೂ ಹಲ್ಲು ಕಚ್ಚಿ ಕೂತರು. ಆದರೆ ಧಾಟಿ ತಿರುವಿಗೆ ಬಂದು, ಗುಡುಸಾಬ ಏರಬೇಕಾದಲ್ಲಿ ಇಳಿದಾಗ, ಅವರ ಬೆರಳುಗಳು ಹ್ಯಾಂಡಲ್ಲಿನ ಮೇಲೆಯೇ ಸರಿಯಾದ ಸ್ವರ ಹುಡುಕತೊಡಗಿದವು. ಬಲಗೈಯ ಹಿಡಿಯಲ್ಲಿ ಎಕ್ಸಲೇಟರ್ ಇತ್ತು. ಫಟಫಟಿ ಗಕ್ಕನೆ ಮುಂದೆ ಹಾರಿತು. ಹೂವಿನ ಬುಟ್ಟಿ ಹಿಡಿದವನು ಗಟಾರಕ್ಕೆ ಇಳಿದ. ಮುಂದಿನ ತಿರುವಿನಲ್ಲಿ ಮತ್ತೆ ಹಾಗೆಯೇ ಆಯಿತು. ಈ ಸಲ ಗುಡುಸಾಬ ಸ್ವಲ್ಪದರಲ್ಲಿ ತಪ್ಪಿಸಿಕೊಂಡ.

"ಮಾಸ್ತರ, ಕೈ ತಡೀರಿ," ಅಂದರು ಬಸಲಿಂಗಯ್ಯನವರು.

"ನಾ ತಡದೇನ್ರಿ. ಅದು ತಡೀವಲ್ದು."

ಚಾವಡಿ ಇನ್ನೂ ದೂರವಿತ್ತು. ಗುಡುಸಾಬ ಮತ್ತೊಮ್ಮೆ ಇಳಿದ. ಮಾಸ್ತರರು ಫಟಫಟಿಯಿಂದ ಇಳಿದರು.

"ಅಯ್ಯಾರ, ಇದನ್ನ ಸ್ವಲ್ಪ ಹಿಡೀರಿ. ಎರಡ ಮಿನಿಟು. ಚಾಚಾಗ ಬರೇ ತೋರಿಸಿ ಬರತೇನಿ."

ಬಸಲಿಂಗಯ್ಯನವರು ಹ್ಯಾಂಡಲ್ ಹಿಡಿದರು. ಎಂಜಿನ್ ತಾನೇ ಬಂದ್ ಬಿತ್ತು. ನಿಂತು ಹಿಡಿದರೆ ಗಾಡಿ ವಾಲುತ್ತದೆ, ಧೋತರಕ್ಕೆ ಎಣ್ಣೆ ತಾಗುತ್ತದೆ ಎಂದು ಅವರು ಮೇಲೆ ಕೂತರು. ಹಿಂದಿನಿಂದ ನಾಲ್ಕು ಜನ ದೂಡಿದರು. ಮುಂದೆ ಮಾಸ್ತರರು ಮಾಲೆಯನ್ನು ಬೆನ್ನಿಗೆ ಸರಿಸಿ, ಗುಡುಸಾಬನ ಕ್ಲಾರನೆಟ್ ಇಸಿದುಕೊಂಡು ಅದರ ತುದಿಯನ್ನು ಕೋಟಿಗೆ ಒರೆಸಿ, ಊದಿದರು.

ಅದನ್ನು ನಾನು ಬರೆದು ತಿಳಿಸಲಾರೆ. ಆ ಡೋಲೇ ಡೋಲಾಯಿತೆಂದರೆ ಸಾಕು. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಗುಡುಸಾಬ ಸಮಾಧಾನದಿಂದ ಹೂವಿನ ಬುಟ್ಟಿ ಎತ್ತಿಕೊಂಡ. ಎರಡು ಮಿನಿಟು ಆಯಿತು, ಚಾವಡಿ ಬಂತು, ಮಸೀದಿಯ ಮುಂದಿನ ಮೌನವೂ ಬಂದು ಹೋಯಿತು. ಮಾಸ್ತರರು ಕಣ್ಣು ಮುಚ್ಚಿಕೊಂಡು ಮುಂದೆ ಮುಂದೆ ನಡೆದರು. ಯಾರಾದರೂ ಮುಟ್ಟಿ ಎಬ್ಬಿಸಬಹುದಿತ್ತು. ಧಾಟಿಯ ನಡುವೆ ಅವರನ್ನು ಮುಟ್ಟಿದವರು ಬೈಸಿಕೊಂಡ ಅನುಭವ ಊರಿಗೆಲ್ಲ ಇತ್ತು.

ತಡವಾಗಿ ಬಂದವರಿಗೆ ಕಂಡದ್ದು ಇಷ್ಟು: ಮುಂದೆ ಎಂದಿನಂತೆ ಮಾಸ್ತರರು ಊದುತ್ತಿದ್ದಾರೆ, ಹಿಂದೆ ಧೂಳು ಮೆತ್ತಿದ ಫಟಫಟಿಯ ಮೇಲೆ ಬಸಲಿಂಗಯ್ಯನವರು ಕೂತಿದ್ದಾರೆ. ಆ ಜನ ಕೂತವರಿಗೆ ಮಾಲೆ ಹಾಕಿದರು. ಕೈ ಎರಡೂ ಹ್ಯಾಂಡಲ್ಲಿನ ಮೇಲಿದ್ದದ್ದರಿಂದ ಬಸಲಿಂಗಯ್ಯನವರಿಗೆ ಮಾಲೆಯನ್ನು ಬೇಡವೆನ್ನಲು ಆಗಲಿಲ್ಲವಂತೆ.

"ಅಜ್ಮೇರದಾಗ ಥಂಡಿ ಇತ್ತೇನ್ರಿ ಅಯ್ಯಾರ?" ಎಂದು ಒಬ್ಬರು ಕೇಳಿದರು.

"ಈ ದಿನದಾಗ ಇರತೈತಿ," ಅಂದರು ಬಸಲಿಂಗಯ್ಯನವರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ರಸ್ತಾ?"

"ಕೆಲವ ಕಡೆ ಛಲೋ, ಕೆಲವ ಕಡೆ ಇಲ್ಲ."

ಇದೂ ಸುಳ್ಳಲ್ಲ. ಕೆಳಗಿನ ಓಣಿಯಲ್ಲಿ ಬಸಲಿಂಗಯ್ಯನವರು ಅಜ್ಮೇರಕ್ಕೆ ಹೋಗಿಬಂದವರೆಂದು ನಂಬಿದ ಜನ ಇಂದಿಗೂ ಇದ್ದಾರೆ. ಪ್ರಯಾಣದ ವಿಷಯದಲ್ಲಿ ಅವರ ಸಲಹೆ ಕೇಳುತ್ತಾರೆ.

ಬಸವಣ್ಣನ ಗುಡಿ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಎಡಕ್ಕೆ ಮಾಸ್ತರರ ಮನೆ. ಅಲ್ಲಿ ಗುಲಶನ ತಂಬಿಗೆಯ ನೀರು, ನಿಂಬೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಲಕ್ಕೆ ಬಸಲಿಂಗಯ್ಯನವರ ಮನೆ. ದೂಡುವವರು ಒಂದು ಕ್ಷಣ ತಡೆದರು. ಆದರೆ ಮೆರವಣಿಗೆ ಯಾವಾಗಲೂ ಮೇಲೆ ಕೂತವರ ಮನೆಗೇ ಹೋಗುವುದು. ಅದು ಕೈಕಾಲಿಗೆ ಹತ್ತಿದ ರೂಢಿ. ಫಟಫಟಿ ಬಲಕ್ಕೆ ಹೊರಳಿತು. ಡೋಲಿನ ಸದ್ದು ಹೊರಳಿದ ಕಡೆ ಮಾಸ್ತರರೂ, ಕಣ್ಣು ತೆರೆಯದೆ, ಹೊರಳಿದರು.

ಧಾಟಿ ಮುಗಿದು ಅವರು ಕಣ್ಣು ಬಿಟ್ಟಾಗ ಎದುರಿಗೆ ಕಾಶಿಬಾಯಿ, ಬಸಲಿಂಗಯ್ಯನವರ ಪತ್ನಿ, ಗಂಡನಿಗೆ ಆರತಿ ಎತ್ತುತ್ತಿದ್ದರು. ಬಸಲಿಂಗಯ್ಯನವರು ಕುಂಕುಮ ಹಚ್ಚಿಸಿಕೊಂಡು, ಗಂಭೀರವಾಗಿ ಇಳಿದು, ಒಳಗೆ ಹೋದರು. ಎಲ್ಲರಿಗೂ ಚುರಮುರಿ, ಚಹಾ ಬಂತು. ಮಾಸ್ತರರಿಗೆ ಬ್ಯಾಂಡಿನವರ ಸಾಲಿನಲ್ಲಿ ಕೊಟ್ಟರು. ಜನ ಕರಗಿದರು.

ಮಾಸ್ತರರು ಫಟಫಟಿಯನ್ನು ದೂಡಿಕೊಂಡು ಮನೆಗೆ ಬಂದಾಗ ಗುಲಶನ ಇನ್ನೂ ಬಾಗಿಲಲ್ಲೇ ಇದ್ದರು. ತಂಬಿಗೆ ಕೆಳಗಿಟ್ಟಿದ್ದರು.

"ಹೆಂಗಿತ್ತು?" ಅಂದರು ಮಾಸ್ತರರು.

"ಬಾಜಾ ಭಾಳ ಛಲೋ ಇತ್ರಿ. ನಿಂತ ಕೇಳಿದೆ. ಮೆರವಣಿಗಿ ಯಾರದು?"

ಮಾಸ್ತರರು ಫಟಫಟಿಯನ್ನು ಗೋಡೆಗೆ ಆನಿಸಿದರು. ಮಾಲೆ ಇನ್ನೂ ಬೆನ್ನ ಮೇಲೆಯೇ ಇತ್ತು.

"ನಂದು," ಅಂದರು.

ಗುಲಶನ ಅವರನ್ನೂ ಫಟಫಟಿಯನ್ನೂ ನೋಡಿದರು. ನಿಂಬೆಹಣ್ಣನ್ನು ಅವರ ಮುಖಕ್ಕೆ ನಿವಾಳಿಸಿ, ರಸ್ತೆಗೆ ಒಗೆದು, ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಬರ್ರಿ ಒಳಗ. ರೊಟ್ಟಿ ಆರತಾವು."

ಮಾಸ್ತರರು ಚಪ್ಪಲಿ ಬಿಟ್ಟು ಒಳಗೆ ಹೋದರು.